ಓಕುಳಿ ನೀರು

ಪರದೇಶದ ಬುಕಿತ್ ಪಂಜಾಂಗಿನ ನಮ್ಮ ಫ್ಲ್ಯಾಟಿನಲ್ಲಿ ಮಗಳು ಹ್ಯಾಲೊವೀನ್‌ಗೆಂದು ಅರಿಶಿನದ ನೀರಿಗೆ ಅಡುಗೆ ಸೋಡಾ ಹಾಕಿ ‘ರಕ್ತ’ ಮಾಡುತ್ತಿದ್ದಳು. ಒದ್ದೆ ಅರಿಶಿನದ ಆ ವಾಸನೆಗೆ ಚಿಕ್ಕಮ್ಮ ನೆನಪಾದಳು.

ಊರಲ್ಲಿ ನಾನಿನ್ನೂ ಚಿಕ್ಕವಳಿದ್ದಾಗ, ತನ್ನ ಮಗು ತೀರಿಕೊಂಡ ಮೇಲೆ ಚಿಕ್ಕಮ್ಮ ಮಾತು ಬಿಟ್ಟಿದ್ದಳು. ಅಜ್ಜಿ ಮಂತ್ರವಾದಿಯನ್ನು ಕರೆಸಿದಳು. ಅವನು ಅರಿಶಿನದ ನೀರಿನ ತಟ್ಟೆಯನ್ನು ಚಿಕ್ಕಮ್ಮನ ಮುಂದಿಟ್ಟು ಬೆರಳು ಅದ್ದಿದ. ನೀರು ಕೆಂಪಾಯಿತು.

“ದೆವ್ವದ ರಕ್ತ,” ಎಂದ. ದೊಡ್ಡವರ ಜೊತೆ ನಾವು ಮಕ್ಕಳೂ ಕೈಮುಗಿದೆವು.

ಹಬ್ಬಹಬ್ಬಕ್ಕೂ ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಓಕುಳಿ ಮಾಡುತ್ತಿದ್ದವಳು ಚಿಕ್ಕಮ್ಮನೇ. ಎಷ್ಟೋ ದಿನದ ಮೇಲೆ ಬಾಯಿಬಿಟ್ಟಳು: “ಅತ್ತೆ, ಅವನ ಬೆರಳಲ್ಲಿ ಸುಣ್ಣ ಇದೆ.”

“ನೋಡಿ, ದೆವ್ವ ಮಾತಾಡ್ತಿದೆ,” ಎಂದ ಮಂತ್ರವಾದಿ. ಅಜ್ಜಿ ಹುಣಸೆ ಬರಲೊಂದನ್ನು ತಂದು ಅವನ ಕೈಗೆ ಕೊಟ್ಟಳು.

“ಅಮ್ಮಾ, ಹೆದರ್ಕೋಬೇಡ ಲಾ, ಬರೀ ಅರಿಶಿನ,” ಎಂದಳು ಮಗಳು, ಇಲ್ಲಿನವರ ಹಾಗೆ ‘ಲಾ’ ಸೇರಿಸಿ.

ಅಷ್ಟು ಹೇಳಿದ್ದಕ್ಕೇ ಚಿಕ್ಕಮ್ಮ ಏಟು ತಿಂದಿದ್ದು.