ದಂಡಿಗನಹಳ್ಳಿಯ ಹುರುಳಿ ಮತ್ತು ಎರಡು ಸೀಟಿನ ಕಾರು

"ಜೋರಾಗಿ ಓಡ್ಸೋದ್ರಲ್ಲಿ ಅಪಾಯ ಇಲ್ಲ ಕಣಯ್ಯ. ಗಾಬರಿಬಿದ್ದು ಬ್ರೇಕ್ ಒತ್ತೋದ್ರಲ್ಲಿದೆ." ಹಾಸನ ಬಿಟ್ಟಾಗಿನಿಂದ ನಮ್ಮ ಧಣಿಗಳು ಇದನ್ನು ಮೂರು ಸಲ ಹೇಳಿದ್ದರು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಲ ಅದು. ಕಾಫಿ ತೋಟದ ದೊರೆಯೊಬ್ಬ ವಿಲಾಯಿತಿಗೆ ಹೊರಟಾಗ ಧಣಿಗಳಿಗೆ ಮಾರಿಹೋದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ನಮ್ಮದು. ಸಂಬಳದ ಡ್ರೈವರ್ ನಾನು, ಆದರೆ ನನಗೆ ಸ್ಟೇರಿಂಗ್ ಮುಟ್ಟಲು ಬಿಡದೆ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಸ್ಪೀಡಿನ ಮುಳ್ಳು ಅರವತ್ತು ಮೈಲಿ ದಾಟಿತ್ತು.

ದಂಡಿಗನಹಳ್ಳಿ ಹತ್ತಿರ ಒಂದು ತಿರುವು. ಅದರಾಚೆ, ಬಸ್ಸು ಗಾಡಿ ಹಾದು ಒಕ್ಕಣೆಯಾಗಲಿ ಎಂದು ರಸ್ತೆ ತುಂಬ ಹುರುಳಿ ಹರಡಿದ್ದರು. ಧಣಿಗಳು ಬ್ರೇಕ್ ಒತ್ತಿಯೇಬಿಟ್ಟರು. ಕಾರು ಹುರುಳಿಯ ಮೇಲೆ ಬುಗುರಿಯಂತೆ ಮೂರೂವರೆ ಸುತ್ತು ತಿರುಗಿ, ಹಾಸನದ ಕಡೆ ಮುಖ ಮಾಡಿ ನಿಂತಿತು.

ಮರದ ಕೆಳಗಿದ್ದ ಅಜ್ಜಿಯೊಬ್ಬಳು ಮೊರ ಹಿಡಿದು ಓಡಿಬಂದಳು. ಬೈಸಿಕೊಳ್ಳಲು ಸಿದ್ಧನಾಗಿ ನಾನು ತಲೆ ತಗ್ಗಿಸಿದೆ.

"ಯಾಕ್ ನಿಲ್ಸ್‌ಬುಟ್ರಿ ಬುದ್ದಿ?" ಅಂದಳು. "ಬಸ್ನೋನು ನೆಟ್ಟಗೆ ಓಯ್ತಾನೆ, ಚಕ್ರದಡೀಲಿರೋದಷ್ಟೇ ಒಕ್ತದೆ. ನಿಮ್ದು ಅಂಗಲ್ಲ, ಸುತ್ತಲೂ ಒಕ್ತದೆ. ಇನ್ನೊಂದ್ಸಲ ತಿರುಗ್ಸಿ!"

ಧಣಿಗಳು ನನ್ನ ಮುಖ ನೋಡಿದರು. ನಾನು ಮುಳ್ಳು ನೋಡಿದೆ. ಅದು ಸೊನ್ನೆಯಲ್ಲಿತ್ತು.

ಕೊನೆಗೆ ಧಣಿಗಳು ಕಾರನ್ನು ಮೆಲ್ಲಗೆ ತಿರುಗಿಸಿಕೊಂಡು ಹೊರಟರು. ಹಿಂದಿನಿಂದ ಅಜ್ಜಿ ಕೂಗಿದಳು: "ನಾಳೀಕೆ ರಾಗಿ ಆಕ್ತೀವಿ, ಇದೇ ಬಿರುಸಲ್ಲಿ ಬನ್ನಿ ಬುದ್ದಿ!"

ಅಂದಿನಿಂದ ಆ ರಸ್ತೆಯಲ್ಲಿ ನಮ್ಮ ಕಾರು ಇಪ್ಪತ್ತು ಮೈಲಿ ದಾಟಲಿಲ್ಲ. ಜೀವಭಯ ಅನ್ನಬೇಡಿ, ಧಣಿಗಳಿಗೆ ಅದು ಇರಲೇ ಇಲ್ಲ. ಇದ್ದದ್ದು ಅಜ್ಜಿ ಮತ್ತೆ ಒಕ್ಕಣೆಗೆ ಕರೆದಾಳೆಂಬ ಭಯ.