ಆಯ್ತು ಅಯ್ಯಾ ಅಂದ ಬಾಯಿ

ನಾಲ್ಕು ಜನರ ಮುಂದೆ ಮಾತಾಡುವಾಗ ಕಾಲು ನಡುಗದಂತೆ ಏನು ಮಾಡಬೇಕು ಎಂದು ಅಂಗನವಾಡಿ ಟೀಚರ್ ನನಗೆ ಹೇಳಿಕೊಟ್ಟರು. ಹಾಗೇ ಮಾಡಿದೆ. ನಡುಗುವುದು ನಿಲ್ಲಲಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು. ಈ ಬರಹ ತಿದ್ದಿದವರೂ ಅವರೇ.

ನಮ್ಮ ಹದಿನೆಂಟು ಮನೆಯವರು ಕೊಟ್ಟಿಗೆಹಾರದ ಬಸ್ಸು ಹಿಡಿಯಲು ಸಾಹುಕಾರರ ಕಾಫಿ ಎಸ್ಟೇಟಿನೊಳಗಿನ ಕಾಲುದಾರಿಯಲ್ಲಿ ಹೋಗುತ್ತಿದ್ದೆವು. ಅಲ್ಲಿ ಹೋಮ್‌ಸ್ಟೇ ಆದ ಮೇಲೆ ಅವರು ಗೇಟು ಹಾಕಿಸಿ ಬೀಗ ಜಡಿದರು. ಇನ್ನು ಕಾಡಿನ ಅಂಚಿನಲ್ಲಿ ಸುತ್ತಿಕೊಂಡು ಹೋಗಬೇಕು. ಅಲ್ಲಿ ಆನೆ ಇಳಿಯುತ್ತದೆ. ಸ್ಕೂಲಿಗೆ ಹೋಗುವ ಮಕ್ಕಳಿಗೂ ಅದೇ ದಾರಿ.

ಗ್ರಾಮಸಭೆಯಲ್ಲಿ ಇದನ್ನು ಹೇಳಲು ಎಲ್ಲರೂ ಸೇರಿ ನನ್ನನ್ನು ಕಳಿಸಿದರು. ನಾನು ಇಲ್ಲಿಂದ ಕೂಗಿದರೆ ಆಚೆ ಗುಡ್ಡದಲ್ಲಿ ಕಾಫಿ ಕೊಯ್ಯುವವರು ತಿರುಗಿ ನೋಡುತ್ತಾರೆ. ಬಾಯಿ ಇರುವವಳು ಎಂದು ಆರಿಸಿದರು.

ಮೈಕಿನ ಮುಂದೆ ನಿಂತೆ. ವೇದಿಕೆಯ ಮೇಲೆ ಸಾಹುಕಾರರೂ ಕೂತಿದ್ದರು. ನಲವತ್ತು ವರ್ಷ ಅವರ ತೋಟದಲ್ಲಿ ದುಡಿದಿದ್ದೇನೆ. ಅವರು ಬಂದರೆ ತಲೆಗೆ ಕಟ್ಟಿದ ಟವೆಲ್ ಬಿಚ್ಚಿ, ದಾರಿಯಿಂದ ಕೆಳಗಿಳಿದು ನಿಲ್ಲುವುದು ನಮ್ಮ ರೂಢಿ. ಅವರು ಏನು ಹೇಳಿದರೂ ಒಂದೇ ಉತ್ತರ. ಅವತ್ತು ಅವರೇ ಮೆತ್ತಗೆ ಕೇಳಿದರು.

"ಏನಮ್ಮ, ಸುತ್ತಿನ ದಾರೀಲಿ ಹೋದ್ರೆ ನಿಮಗೇನೂ ತೊಂದ್ರೆ ಇಲ್ಲ ಅಲ್ವಾ?"

"ಇಲ್ಲ. ಆಯ್ತು ಅಯ್ಯಾ."

ಹೇಳಿ ಮೈಕು ಬಿಟ್ಟು ಪಕ್ಕಕ್ಕೆ ಸರಿದೂ ಆಗಿತ್ತು. ಟವೆಲ್ ಕೈಯಲ್ಲಿತ್ತು. ಯಾವಾಗ ಬಿಚ್ಚಿದೆನೋ ಗೊತ್ತಿಲ್ಲ. ಗ್ರಾಮಸ್ಥರು ಒಪ್ಪಿದ್ದಾರೆ ಎಂದು ಪಂಚಾಯಿತಿಯವರು ಬರೆದುಕೊಂಡರು.

ವಾಪಸು ಬರುವಾಗ ಪಕ್ಕದ ಮನೆಯವಳು ದಾರಿಯುದ್ದಕ್ಕೂ ಬೈದಳು. "ನಲ್ಲಿ ಹತ್ರ ನನ್ ಜೊತೆ ಜಗಳ ಆಡುವಾಗ ಈ 'ಆಯ್ತು ಅಯ್ಯಾ' ಎಲ್ಲಿ ಹೋಗಿತ್ತು ಮಾರಾಯ್ತಿ?" ಎಂದಳು.

ಆಮೇಲೆ ಟೀಚರ್ ಹಿಡಿದು ಕೂರಿಸಿ ಪಾಠ ಮಾಡಿದರು. ಉಸಿರು ಎಳೆದುಕೊಳ್ಳಿ, ಜನರ ತಲೆಯ ಮೇಲಿಂದ ಹಿಂದಿನ ಗೋಡೆ ನೋಡಿ, ಮೂರೇ ಮಾತು ಇಟ್ಟುಕೊಳ್ಳಿ ಎಂದರು. ಹಣ್ಣು ಕೊಯ್ಯುವಾಗ ಕಾಫಿ ಗಿಡದ ಮುಂದೆ ನಿಂತು ಆ ಮೂರು ಮಾತು ಹೇಳಿದೆ. ಸರಾಗವಾಗಿ ಬಂತು. ಆಗ ಪಕ್ಕದ ಮನೆಯವಳು ಗಿಡದ ಹಿಂದಿನಿಂದ ಸಾಹುಕಾರರ ದನಿ ಮಾಡಿ "ಏನಮ್ಮ?" ಎಂದಳು. ನನ್ನ ಬಾಯಿ "ಆಯ್ತು ಅಯ್ಯಾ" ಎಂದಿತು. ಹೆಂಗಸರು ಬುಟ್ಟಿ ಇಳಿಸಿ ನಕ್ಕರು. ನಾನೂ ನಕ್ಕೆ. ಇದು ಬರೀ ನಡುಕ ಆಗಿದ್ದರೆ ಉಸಿರು ಹಿಡಿದು ನಿಲ್ಲಿಸಬಹುದಿತ್ತು.

ಮುಂದಿನ ಸಭೆಯಲ್ಲಿ, ಸಾಹುಕಾರರು ಕೂತಿದ್ದ ವೇದಿಕೆಗೆ ಬೆನ್ನು ಹಾಕಿ ನಿಂತೆ. ಮೈಕು ಬೇಡ ಎಂದೆ. ಕಾಲು ನಡುಗುತ್ತಲೇ ಇತ್ತು, ಸೀರೆ ಅಲ್ಲಾಡುವುದು ಮುಂದೆ ಕೂತವರಿಗೆ ಕಂಡಿರಬೇಕು.

"ಆ ದಾರಿ ನಮಗೆ ಬೇಕು. ಆನೆ ಇರೋ ಕಡೆ ಮಕ್ಕಳನ್ನ ಕಳಿಸೋಕಾಗಲ್ಲ. ಅವತ್ತು ನಾನು ಆಯ್ತು ಅಂದಿದ್ದು ಒಪ್ಪಿ ಅಲ್ಲ, ಅಭ್ಯಾಸ ಆಗಿ."

ಯಾರೂ ನಗಲಿಲ್ಲ. ಪಂಚಾಯಿತಿಯವರು ಹಳೇ ಪುಸ್ತಕ ತಿರುವಿ, ಇದು ಹೋದ ಸಭೆಯಲ್ಲೇ ತೀರ್ಮಾನ ಆಗಿದೆ, ನಿಮ್ಮ ಸಹಿಯೂ ಇದೆ ಎಂದರು. ಬಂದವರೆಲ್ಲ ಹಾಕಿದ ಹಾಜರಿ ಸಹಿ ಅದು. ಹಿಂದಿನಿಂದ ಸಾಹುಕಾರರು, "ಆಡಿದ ಮಾತು ಬದಲಾಯಿಸಿದ್ರೆ ಹೆಂಗಮ್ಮ?" ಎಂದರು.

ಟೀಚರ್ ಹೇಳಿಕೊಟ್ಟ ಮೂರು ಮಾತೂ ಮುಗಿದಿದ್ದವು. ನಾಲ್ಕನೆಯದು ನನ್ನಲ್ಲಿರಲಿಲ್ಲ. ತಿರುಗಲಿಲ್ಲ, ಆಯ್ತು ಎನ್ನಲಿಲ್ಲ, ಹಾಗೇ ನಿಂತಿದ್ದೆ. ಪಂಚಾಯಿತಿಯವರು ಬೀದಿದೀಪದ ವಿಷಯ ಎತ್ತಿಕೊಂಡರು.

ತಾಲೂಕಿಗೆ ಅರ್ಜಿ ಕೊಟ್ಟಿದ್ದೇವೆ. ಗೇಟು ಇದೆ, ಬೀಗವೂ ಇದೆ. ಬೆಳಿಗ್ಗೆ ಒಬ್ಬರಾದರೂ ದೊಡ್ಡವರು ಮಕ್ಕಳ ಜೊತೆ ಕಾಡಿನ ಅಂಚಿನಲ್ಲಿ ನಡೆದು ಬಸ್ಸು ಹತ್ತಿಸಿ ಬರುತ್ತೇವೆ. ನಿಮ್ಮ ಮಾತು ಕೊನೇ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು ಎಂದು ಟೀಚರ್ ಈಗಲೂ ಹೊಗಳುತ್ತಾರೆ. ಕೇಳಿಸಿದ್ದು ನಿಜ. ಸೋಮವಾರ ಮಕ್ಕಳ ಜೊತೆ ಹೋಗುವ ಸರದಿ ನನ್ನದು.