ಮಸ್ಕತ್ ಮಾಮ

ವನ್ನೂರಪ್ಪ ಮಾಮ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಭುಜವನ್ನು. ಎರಡು ವರ್ಷಕ್ಕೊಮ್ಮೆ ಮಸ್ಕತ್‌ನಿಂದ ರಾಯದುರ್ಗಕ್ಕೆ ಬರುತ್ತಿದ್ದರು. ಆಟೋದಿಂದ ಇಳಿದವರೇ ಬಾಗಿಲಲ್ಲಿ ನಿಂತ ನಮ್ಮನ್ನು ಒಬ್ಬೊಬ್ಬರಾಗಿ ಕಣ್ಣಲ್ಲೇ ಅಳೆದು, "ಎಡಗಡಿ ಭುಜ ಇಳದೈತಲ್ಲ, ಚೀಲ ಒಂದೇ ಕಡಿ ಹಾಕ್ಕೊಂತೀ ಏನು?" ಎಂದು ಕೇಳುವರು. ಚೆನ್ನಾಗಿದ್ದೀಯಾ ಅನ್ನುವುದೆಲ್ಲ ಆಮೇಲೆ. ಬೊಮ್ಮನಹಾಳ್ ಶಾಲೆಯಲ್ಲಿ ಮಕ್ಕಳನ್ನು ಹೆದರಿಸುವ ಟೀಚರ್ ಆದಮೇಲೂ, ಮಾಮ ಬರುತ್ತಾರೆಂದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಮಾಮ ನಮ್ಮಮ್ಮನ ತಮ್ಮ, ಕೆಲಸದಲ್ಲಿ ದರ್ಜಿ. ಮದುವೆಯಾದ ವರ್ಷವೇ ಹೆಂಡತಿಯನ್ನು ಕಳೆದುಕೊಂಡರು. ಮತ್ತೆ ಮದುವೆಯ ಮಾತೆತ್ತಿದರೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಉತ್ತರ ಕೊಡದೆ ತಪ್ಪಿಸಿಕೊಳ್ಳುತ್ತಿದ್ದರಂತೆ. ಅಷ್ಟರಲ್ಲಿ ನಮ್ಮಪ್ಪ ತೀರಿಹೋದರು. ಅಕ್ಕ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದನ್ನು ನೋಡಿ, ಯಾರೋ ಏಜೆಂಟನ್ನು ಹಿಡಿದು ಮಾಮ ಮಸ್ಕತ್ ಸೇರಿದರು. ಅಲ್ಲಿನ ಗಂಡಸರು ತೊಡುವ ಕಾಲುದ್ದದ ಬಿಳಿ ಅಂಗಿ ಹೊಲಿಯುವ ಅಂಗಡಿಯಲ್ಲಿ ಕೆಲಸ. ನನ್ನ ಬಿ.ಎಡ್., ನನ್ನ ತಮ್ಮನ ಜೀನ್ಸ್ ಹೊಲಿಗೆ ಮಷಿನ್ನು, ಮನೆಯ ಮೇಲಿನ ಕೋಣೆ ಎಲ್ಲವೂ ಆ ಬಿಳಿ ಅಂಗಿಗಳಿಂದ ಹುಟ್ಟಿದವು.

ಬರುವಾಗ ನಮಗೆಲ್ಲ ತಾವೇ ಹೊಲಿದ ಬಟ್ಟೆ ತರುತ್ತಿದ್ದರು. ಅಳತೆಗೆ ಒಂದು ಹಳೇ ಲಂಗ ಕಳಿಸುತ್ತೇವೆಂದರೆ ಅವರಿಗೆ ಅವಮಾನ. ಅಕ್ಕನ ಮಕ್ಕಳ ಅಳತೆ ಗೊತ್ತಿಲ್ಲದ ನಾನು ಎಂಥ ದರ್ಜಿ ಅನ್ನುವರು. ಆದರೆ ಅವರಿಗೆ ಗೊತ್ತಿದ್ದುದು ಬಿಟ್ಟುಹೋದಾಗಿನ ಅಳತೆ. ನಾವು ಬೆಳೆದುಬಿಟ್ಟಿರುತ್ತಿದ್ದೆವು. ಲಂಗ ಮೊಣಕಾಲಿಗೆ ಬರುತ್ತಿತ್ತು, ತಮ್ಮನ ಅಂಗಿಯ ಗುಂಡಿ ಕೂಡುತ್ತಿರಲಿಲ್ಲ. ಒಮ್ಮೆ ಹಾಗಾದ ಮೇಲೆ ಒಳಗಡೆ ಧಾರಾಳವಾಗಿ ಬಟ್ಟೆ ಮಡಿಚಿ ಹೊಲಿಯತೊಡಗಿದರು. "ಒಳಗ ಬಿಟ್ಟೀನಿ, ಬೇಕಾದಷ್ಟು ಬಿಚ್ಚಿಗೊಳ್ರಿ." ಆ ಮಡಿಕೆಗಳ ದೆಸೆಯಿಂದ ನಾನು ಓರಗೆಯವರ ನಡುವೆ ದಿಂಬಿನಂತೆ ಕಾಣುತ್ತಿದ್ದೆ. ಮಾಮ ಇರುವಷ್ಟು ದಿನ ಹಾಕಿಕೊಳ್ಳದೆ ವಿಧಿಯಿರಲಿಲ್ಲ.

ಬಂದ ಮರುದಿನದಿಂದ ಊರು ಅವರನ್ನು ಕೇಳುತ್ತಿದ್ದುದು ಒಂದೇ ಮಾತು. ಕಟಿಂಗ್ ಶಾಪಿನಲ್ಲಿ, ಸಂತೆಯಲ್ಲಿ, ಹೋಟೆಲಿನಲ್ಲಿ, "ಯಾವಾಗ ಬಂದ್ರಿ? ಯಾವಾಗ ಹೋಗ್ತೀರಿ?" ಕೇಳಿದವರಿಗೆ ಕೆಟ್ಟ ಮನಸ್ಸಿಲ್ಲ. ಹೊರದೇಶದಿಂದ ಬಂದವರನ್ನು ಮಾತಾಡಿಸುವ ಬಗೆಯೇ ಅದು. ನಮ್ಮ ಮನೆಯಲ್ಲೂ ಅದೇ ನಡೆಯುತ್ತಿತ್ತು. ಹೋಗುವ ದಿನ ಗೊತ್ತಾದರೆ ಅಮ್ಮ ಶೇಂಗಾ ಹುರಿಯುವುದು ಯಾವಾಗ, ಚಟ್ನಿಪುಡಿ ಕುಟ್ಟುವುದು ಯಾವಾಗ ಎಂದು ಲೆಕ್ಕ ಹಾಕಬೇಕಿತ್ತಲ್ಲ. ಅಮ್ಮನಿಗೆ ತಮ್ಮನ ಮೇಲಿನ ಪ್ರೀತಿಯೆಲ್ಲ ಅವನನ್ನು ಕಳಿಸುವ ತಯಾರಿಯಲ್ಲೇ ಖರ್ಚಾಗುತ್ತಿತ್ತು.

ಕೊನೆಯ ಸಲ ಬಂದಾಗ ಪೆಟ್ಟಿಗೆಯ ಜೊತೆ ಹಾಸಿಗೆ ಸುರುಳಿಯೂ ಇತ್ತು. ಪೆಟ್ಟಿಗೆಯಲ್ಲಿ ನಮ್ಮ ಬಟ್ಟೆಗಳ ಕೆಳಗೆ ಅವರ ಕತ್ತರಿ ಇತ್ತು. ಕಪ್ಪು ಹಿಡಿಯ, ಎತ್ತಿದರೆ ಕೈ ಸೋಲುವಂಥ ಕತ್ತರಿ. ಅದನ್ನು ಅಂಗಡಿಯಲ್ಲಿ ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲವಂತೆ, ಅದುವರೆಗೆ ಊರಿಗೆ ತಂದವರೂ ಅಲ್ಲ. ದರ್ಜಿ ತನ್ನ ಕತ್ತರಿ ಎತ್ತಿಕೊಂಡು ಬಂದನೆಂದರೆ ಅಂಗಡಿ ಬಿಟ್ಟು ಬಂದನೆಂದೇ ಅರ್ಥ. ಮೂರು ತಲೆಮಾರು ಹೊಲಿದು ಉಂಡ ಮನೆ ನಮ್ಮದು, ನಮಗೆ ಹೊಳೆಯಬೇಕಿತ್ತು. ಸಾಣೆಗೆ ತಂದಿದ್ದಾನೆ, ಅಲ್ಲಿ ಒಳ್ಳೆಯ ಸಾಣೆಯವರು ಇರಲಿಕ್ಕಿಲ್ಲ ಎಂದುಕೊಂಡಳು ಅಮ್ಮ. ನನ್ನ ತಮ್ಮನ ಕೈಯಲ್ಲಿ ಸಾಣೆ ಹಿಡಿಸಿ, ಎಣ್ಣೆ ಸವರಿ, ಹಳೇ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಇಟ್ಟಳು. ಮಾಮ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದರು.

ಆ ಸಲ ಅವರು ಮೇಲಿನ ಕೋಣೆಗೆ ಹೋಗಿ ಹೋಗಿ ನಿಲ್ಲುತ್ತಿದ್ದರು. ಕೋಣೆಯ ತುಂಬ ತಮ್ಮನ ಮಷಿನ್ನುಗಳು, ಜೀನ್ಸ್ ಬಟ್ಟೆಯ ಗಂಟುಗಳು. ಒಂದು ಸಂಜೆ ಅಮ್ಮನ ಹತ್ತಿರ, ಕಿಟಕಿ ಕಡೆ ಒಂದು ಮಂಚ ಹಿಡಿಸ್ತೈತಲ್ಲಕ್ಕ ಅಂದರು. ಇನ್ನೆಷ್ಟು ದಿನ ಇರ್ತಿ, ನಡುಮನೆಯಲ್ಲೇ ಗಾಳಿ ಚೆನ್ನಾಗಿದೆ ಎಂದು ಅಮ್ಮ ಮುಗ್ಧವಾಗಿ ಹೇಳಿದಳು. ಮತ್ತೆ ಆ ಮಾತು ಬರಲಿಲ್ಲ. ತಿಂಗಳಾಗುತ್ತಿದ್ದಂತೆ ಚಟ್ನಿಪುಡಿ, ಶೇಂಗಾ ಹೋಳಿಗೆ, ಉಪ್ಪಿನಕಾಯಿ ಎಲ್ಲ ಕಟ್ಟಿ ಬೆಂಗಳೂರು ಬಸ್ಸಿಗೆ ಹತ್ತಿಸಿದೆವು.

ಆಮೇಲೆ ಎಂದಿನಂತೆ ಶುಕ್ರವಾರ ಇಂಟರ್ನೆಟ್ ಕಾಲ್ ಬರುತ್ತಿತ್ತು. ಇಲ್ಲಿ ಸೆಖೆ, ನಮ್ಮದಿನ್ನೂ ಊಟದ ಹೊತ್ತಾಗಿಲ್ಲ, ನಿಮ್ಮದಾಯಿತಾ ಎಂದು ಕೇಳುತ್ತಿದ್ದರು. ಮಸ್ಕತ್ ಗಡಿಯಾರ ನಮಗಿಂತ ಹಿಂದೆ ಎಂಬುದನ್ನು ಒಮ್ಮೆಯೂ ಮರೆತವರಲ್ಲ.

ಮರುವರ್ಷ ಶಿವರಾತ್ರಿಯ ಆಸುಪಾಸಿನಲ್ಲಿ ನಾನು ಸೀರೆ ಕೊಳ್ಳಲು ಬಳ್ಳಾರಿಗೆ ಹೋದೆ. ಜೀನ್ಸ್ ಹೊಲಿಯುವ ಓಣಿಯೊಂದರ ಮೂಲೆಯಲ್ಲಿ ಉಗ್ಗಾಣಿ ಮಿರ್ಚಿ ಮಾರುವ ತಿಂಡಿ ಅಂಗಡಿ. ಅದರ ಬೆಂಚಿನ ಮೇಲೆ ಮಾಮ ಕೂತಿದ್ದರು. ಬೆರಳುಗಳಿಗೆ ಜೀನ್ಸಿನ ನೀಲಿ ಹತ್ತಿತ್ತು. ನಮ್ಮೂರಿನಿಂದ ಬಸ್ಸಿನಲ್ಲಿ ಗಂಟೆ ಒಂದೂವರೆ ಗಂಟೆಯ ದಾರಿ. ನನ್ನನ್ನು ಕಂಡವರು ಅವತ್ತು ಭುಜ ನೋಡಲಿಲ್ಲ, ನೆಲ ನೋಡಿದರು.

ನನಗೆ ಮೊದಲು ಬಂದದ್ದು ಸಿಟ್ಟು. ಪಕ್ಕದಲ್ಲಿ ಕೂತು ಕೇಳಿದಾಗ ನಿಧಾನವಾಗಿ ಹೇಳಿದರು. ಕಣ್ಣು ಮಂಜಾಗಿ ಬಿಳಿ ಬಟ್ಟೆಯ ಮೇಲೆ ಬಿಳಿ ದಾರ ಕಾಣದಾಗಿತ್ತು. ಮಸ್ಕತ್ ಅಂಗಡಿಯ ಸೇಠ್ ಬೇಡವೆಂದು ಕಳಿಸಿದ್ದ. ನಾವು ಬಸ್ಸು ಹತ್ತಿಸಿದ ದಿನ ಕಲ್ಯಾಣದುರ್ಗದಲ್ಲಿ ಇಳಿದು, ಬಳ್ಳಾರಿ ಬಸ್ಸು ಹಿಡಿದಿದ್ದರು. ಜೀನ್ಸ್ ದಪ್ಪ ಬಟ್ಟೆ, ದಪ್ಪ ದಾರ, ಈ ಕಣ್ಣಿಗೆ ಅದು ಸಾಕಂತೆ.

"ಮನಿಗೆ ಯಾಕ ಬರ್ಲಿಲ್ಲ ಮಾಮ?"

"ಬಂದಿದ್ನಲ್ಲವ್ವ." ಮಿರ್ಚಿಯ ತೊಟ್ಟು ಕಿತ್ತು ತಟ್ಟೆಯ ಅಂಚಿಗೆ ಇಟ್ಟರು. "ತಿಂಗ್ಳು ಕುಂತಿದ್ದೆ. ಇರು ಅಂತ ಯಾರಾನ ಒಬ್ರು ಅಂತೀರೇನೋ ಅಂತ. ಯಾವಾಗ ಹೋಗ್ತಿ ಅಂತ್ಲೇ ಕೇಳಿದ್ರಿ. ಪ್ರೀತಿಲೇ ಕೇಳಿದ್ರಿ, ನಂಗ ಗೊತ್ತೈತಿ. ಆದ್ರ ಹೋಗಾವ್ನಿಗೇ ಅಷ್ಟು ಮಾಡೋರ ಮುಂದ, ಹೋಗಲ್ಲ ಅಂತ ಹೆಂಗನ್ಲಿ?"

ಅಕ್ಕನಿಗೆ ಹೇಳಬೇಡವೆಂದರು. ಹೇಳದೆ ಇರುವವಳಲ್ಲ ನಾನು ಎಂದೆ. ಆಗಲಿ ಎಂಬಂತೆ ತಲೆಯಾಡಿಸಿದರು. ಅವರ ಕೆಲಸದ ಯಜಮಾನನಿಗೆ ನನ್ನ ಫೋನ್ ನಂಬರು ಕೊಟ್ಟು ಬಸ್ಸು ಹತ್ತಿದೆ.

ಅಮ್ಮ ಎಲ್ಲ ಕೇಳಿಕೊಂಡಳು. ಆ ಕತ್ತರಿ ಸಾಣೆಗೆ ತಂದಿದ್ದಲ್ಲ ಹಂಗಾರೆ ಎಂದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾಳೆಯೇ ಹೋಗಿ ಕರೆದುಕೊಂಡು ಬರೋಣ ಎಂದು ತಮ್ಮ ಎದ್ದ. ಅಮ್ಮ ಬಿಡಲಿಲ್ಲ. ಅವನು ಎಲ್ಲಿದ್ದೀನಿ ಅಂದಿದ್ದಾನೋ ಅಲ್ಲಿಂದಲೇ ಬರಲಿ, ಓಣಿಯವರ ಮುಂದೆ ಅವನ ಮುಖ ಸಣ್ಣದಾಗಬಾರದು ಎಂಬುದು ಅವಳ ಹಟ. ಶುಕ್ರವಾರ ಫೋನ್ ಬಂದಾಗ ಸ್ಪೀಕರ್ ಹಾಕಿಸಿದಳು. ಆ ಕಡೆ ಬಳ್ಳಾರಿಯ ಆಟೋಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

"ವನ್ನೂರಾ, ಸಾಕು ಆ ಮಸ್ಕತ್ತು. ಸೇಠ್‌ಗೆ ಹೇಳಿ ಬಂದ್ಬಿಡು. ಕಿಟಕಿ ಕಡಿಗೆ ಮಂಚ ಹಾಕ್ಸೀನಿ. ಬಂದ್ಮ್ಯಾಲ ಹೋಗೋದು ಬ್ಯಾಡ, ಇರು."

ಆಟೋಗಳ ಸದ್ದಿನ ನಡುವೆ ಮಾಮನ ದನಿ ಬಂತು. "ಉಗಾದಿಗೆ ಬರ್ತೀನಕ್ಕ. ಸೇಠ್‌ಗೆ ಒಂದು ಮಾತು ಹೇಳ್ಬೇಕಲ್ಲ."

ಉಗಾದಿಗೆ ನಾಲ್ಕಾರು ದಿನ ಇತ್ತು. ಬೆಳಿಗ್ಗೆ ಮಷಿನ್ನಿನ ಮುಂದೆ ಕೂತ ಮಾಮ ಎದೆ ಹಿಡಿದುಕೊಂಡರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಯಜಮಾನನ ಫೋನ್ ಬಂದು ನಾನೂ ತಮ್ಮನೂ ಹೋದೆವು. ಅವರ ಕೋಣೆಯಲ್ಲಿ ಗೋಡೆಗೆ ಒತ್ತಿ ಒಂದು ರಟ್ಟಿನ ಡಬ್ಬಿ ಇತ್ತು. ಹೊರದೇಶದಿಂದ ಬರುವವರು ಕಟ್ಟುವ ಹಾಗೆ ಸುತ್ತಲೂ ಹಗ್ಗ ಬಿಗಿದು, ದಪ್ಪ ಅಕ್ಷರದಲ್ಲಿ ಹೆಸರು, ಊರು ಬರೆದಿದ್ದರು. ಒಳಗೆ ಬಳ್ಳಾರಿ ಬಜಾರಿನಲ್ಲಿ ಕೊಂಡ ಖರ್ಜೂರ, ಸೆಂಟು, ಅಮ್ಮನಿಗೊಂದು ಕಂಬಳಿ. ಒಂದೂವರೆ ಗಂಟೆಯ ಬಸ್ಸಿನ ದಾರಿಗೆ ಅಷ್ಟೆಲ್ಲ ಕಟ್ಟಿಟ್ಟಿದ್ದರು. ತಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು ಅಳುತ್ತಲೇ ಮೆಟ್ಟಿಲಿಳಿದ.

ಮಧ್ಯಾಹ್ನದ ಹೊತ್ತಿಗೆ ಮಾಮನನ್ನು ಹೊತ್ತ ವ್ಯಾನು ನಮ್ಮ ಬಾಗಿಲಿಗೆ ಬಂತು. ಓಣಿಯೆಲ್ಲ ಸೇರಿತು. ಎದುರುಮನೆಯ ಮುದುಕಿ ಗಂಗಮ್ಮನ ಮಗನೂ ಹಿಂದೆ ದುಬೈಯಲ್ಲಿ ತೀರಿಕೊಂಡವನು. ಆಕೆ ಅಮ್ಮನ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು. "ನನ್ ಮಗನ್ನ ತರಾಕ ತಿಂಗ್ಳು ಹಿಡೀತು. ಇವ್ನು ಮಸ್ಕತ್‌ನಿಂದ ಇಷ್ಟು ಲಗೂನ ಹೆಂಗ ಬಂದ್ನವ್ವ?"

ಮಾಮನ ಮುಖ ಸಣ್ಣದಾಗಬಾರದೆಂದು ಹಟ ಹಿಡಿದಿದ್ದ ಅಮ್ಮ ಅವನ ಹಣೆಯ ಮೇಲೆ ಕೈಯಿಟ್ಟಳು.

"ಮಸ್ಕತ್‌ನಾಗ ಇರ್ಲಿಲ್ಲಮ್ಮ. ಬಳ್ಳಾರ್ಯಾಗ ಇದ್ದ. ನಾನು ಇರು ಅನ್ಲಿಲ್ಲ, ಅದಕ್ಕ ಅಲ್ಲಿದ್ದ."